ಬಾಯಿಗೆ ಬಿಡುವ ನೀರು

ನನಗೆ ಬಾಯಿ ಜಾಸ್ತಿ. ಮೆಣಸೆ ಊರಿನ ನಮ್ಮ ಮನೆಯಲ್ಲಿ ಮಾತು ಬಂದಾಗಿನಿಂದ ಬೈಸಿಕೊಂಡಿದ್ದೇ ಇದಕ್ಕೆ. ನರ್ಸಿಂಗ್ ಮುಗಿಸಿ ಕೊಪ್ಪದ ಒಂದು ಸಣ್ಣ ಆಸ್ಪತ್ರೆಗೆ ಸೇರಿದ ಮೇಲೆ ಅಲ್ಲಿನ ಹಿರಿಯ ಸಿಸ್ಟರೂ ಅದಕ್ಕೇ ಬೈದರು. ಆದರೆ ತಮಾಷೆ ನೋಡಿ, ಎಮರ್ಜೆನ್ಸಿ ಅಂತ ಯಾರಾದರೂ ಬಂದ ಕೂಡಲೇ ಈ ಬಾಯಿ ಕಟ್ಟಿಹೋಗುತ್ತಿತ್ತು. ಕೈ ತಣ್ಣಗಾಗುತ್ತಿತ್ತು. ಸಿರಿಂಜಿನ ಪೊಟ್ಟಣ ಹರಿಯಲೂ ಬರದವಳ ಹಾಗೆ ನಿಂತುಬಿಡುತ್ತಿದ್ದೆ. ಸಿಸ್ಟರ್ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಎಲ್ಲ ಮಾಡಿ ಮುಗಿಸುತ್ತಿದ್ದರು. ನನಗೆ ನನ್ನ ಮೇಲೇ ಕೆಟ್ಟ ಸಿಟ್ಟು ಬರುತ್ತಿತ್ತು.

ಆ ದಿನ ಸಿಸ್ಟರ್ ರಜೆಯಲ್ಲಿದ್ದರು. ಬೆಳಗಾಗಿ ಎಷ್ಟೋ ಹೊತ್ತಾಗಿದ್ದರೂ ಹೊರಗೆ ಮಂಜು ಹರಿದಿರಲಿಲ್ಲ. ಹತ್ತಿರದ ನಾರ್ವೆ ಊರಿನ ಅಮ್ಮ ಒಬ್ಬರು ತಮ್ಮ ಸೊಸೆಯನ್ನು ಕರೆದುಕೊಂಡು ಬಂದರು. ಸೊಸೆಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ನಡೆದುಕೊಂಡೇ ಬಂದಳು, ಹೊಟ್ಟೆನೋವು ಅಂದಳು. ಮನೆ ತುಂಬ ನೆಂಟರು, ಹಾಗಾಗಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಳು, ನಿದ್ದೆಗೆಟ್ಟು ಕಣ್ಣು ಎಳೆಯುತ್ತಿದೆ ಅಂತ ಅತ್ತೆ ವಿವರಿಸಿದರು. ನನಗೂ ಹಾಗೇ ಕಂಡಿತು. ಡಾಕ್ಟರು ಮಾತ್ರ ಅವಳಿಗೆ ಮೇಲೆ ನೋಡಲು ಹೇಳಿದರು. ಅವಳು ಪ್ರಯತ್ನಪಟ್ಟಳು. ರೆಪ್ಪೆ ಏಳಲಿಲ್ಲ.

ಕಟ್ಟುಹಾವು ಕಚ್ಚಿದೆ ಅಂದರು ಡಾಕ್ಟರು. ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚಿ ಹೋಗುವ ಹಾವು ಅದು. ಗಾಯ ಕಣ್ಣಿಗೆ ಬೀಳುವುದಿಲ್ಲ, ನೋವೂ ಅಷ್ಟಾಗಿ ಇರುವುದಿಲ್ಲ. ವಿಷ ಇಳಿಸುವ ಇಂಜೆಕ್ಷನ್ ಡ್ರಿಪ್ಪಿನಲ್ಲಿ ಶುರುವಾಯಿತು. ಅಷ್ಟರಲ್ಲಿ ಅವಳ ಮಾತು ತೊದಲಿತು, ಕತ್ತು ವಾಲಿತು, ಕೈ ಜಾರಿ ಮಂಚದಿಂದ ಕೆಳಗೆ ನೇತುಬಿದ್ದಿತು. ಆಮೇಲೆ ಎದೆ ಏಳುವುದು ನಿಂತಿತು.

ಡಾಕ್ಟರು ಮಾಸ್ಕ್ ಇಟ್ಟು ಉಸಿರಿನ ಬ್ಯಾಗನ್ನು ನನ್ನ ಕೈಗೆ ಕೊಟ್ಟರು. ನಾನು ಒತ್ತಿದರೆ ಅವಳಿಗೆ ಉಸಿರು, ಬಿಟ್ಟರೆ ಇಲ್ಲ. ವಿಷ ಮೈಯನ್ನಷ್ಟೇ ಕಟ್ಟಿಹಾಕಿದೆ, ಅವಳಿಗೆ ಎಲ್ಲ ಕೇಳಿಸುತ್ತಿರುತ್ತದೆ, ನೋಡಿಕೊಂಡು ಮಾತಾಡು ಅಂತ ಹೇಳಿ, ಗಂಟಲಿಗೆ ಹಾಕುವ ಟ್ಯೂಬ್ ತರಲು ಪಕ್ಕದ ಕೋಣೆಗೆ ಓಡಿದರು.

ಕೇಳಿಸುತ್ತದೆಯಂತೆ! ಅವಳ ಕಣ್ಣು ಅರ್ಧ ತೆರೆದೇ ಇತ್ತು. ಡಾಕ್ಟರು ಟಾರ್ಚ್ ಬಿಟ್ಟಾಗಲೂ ಪಾಪೆ ಅಲುಗಿರಲಿಲ್ಲ. ಸತ್ತವರ ಕಣ್ಣು ಹೀಗಿರುತ್ತದೆ ಅಂತಲೇ ನಾವು ಓದಿದ್ದು. ಒಳಗಿನಿಂದ ಒಬ್ಬಳು ನನ್ನನ್ನು ನೋಡುತ್ತಿದ್ದಾಳೆ ಎಂದುಕೊಂಡರೆ ಮೈ ಜುಮ್ಮೆನ್ನುತ್ತಿತ್ತು, ನೋಡುತ್ತಿಲ್ಲ ಎಂದುಕೊಂಡರೆ ಇನ್ನೂ ಹೆದರಿಕೆಯಾಗುತ್ತಿತ್ತು.

ಅಷ್ಟರಲ್ಲಿ ಅತ್ತೆ ಹತ್ತಿರ ಬಂದರು. ಸೊಸೆಯ ಕಣ್ಣು ನೋಡಿದರು. ಅಳಲಿಲ್ಲ. ಕೈಚೀಲದಿಂದ ಪುಟ್ಟ ಬಾಟಲಿ ತೆಗೆದರು. ಎಲ್ಲಿಗೆ ಹೋದರೂ ಜೊತೆಗೆ ಒಯ್ಯುವ ತೀರ್ಥ ಅದು, ಒಳಗೆ ತುಳಸಿ ಎಲೆ ತೇಲುತ್ತಿತ್ತು. ಮುಚ್ಚಳ ತೆಗೆದು, ಇನ್ನೊಂದು ಕೈಯಲ್ಲಿ ಮಾಸ್ಕ್ ಸರಿಸಲು ಬಂದರು. ಹೋಗುವ ಜೀವಕ್ಕೆ ಬಾಯಿಗೆ ನೀರು ಬಿಡುವುದು ನಮ್ಮ ಮನೆಯಲ್ಲೂ ಇದ್ದದ್ದೇ, ಅಜ್ಜನಿಗೆ ನಾನೇ ಬಿಟ್ಟಿದ್ದೆ. ಆದರೆ ಇವಳಿಗೆ ನುಂಗುವ ಶಕ್ತಿ ಇಲ್ಲ. ಒಂದು ಗುಟುಕು ಸಾಕಿತ್ತು, ನೇರ ಶ್ವಾಸಕೋಶಕ್ಕೆ ಇಳಿಯುತ್ತಿತ್ತು.

"ಅಡ್ಡ ಬರಡ ಕೂಸೇ," ಅಂದರು ಮೆಲ್ಲಗೆ. "ಬಾಯಿ ಒಣಗಿಸ್ಕಂಡು ಕಳಿಸ್ಲಾಗ." ತಡೆಯಬೇಡ, ಒಣಬಾಯಲ್ಲಿ ಕಳಿಸಬಾರದು ಅಂತ ಅವರ ಮಾತಿನ ಅರ್ಥ.

ನನ್ನ ಎರಡೂ ಕೈ ಕೆಲಸದಲ್ಲಿದ್ದವು. ತಡೆಯಲು ಉಳಿದಿದ್ದು ಬಾಯಿ ಒಂದೇ.

"ಕೈ ತೆಗೀರಿ ಅಮ್ಮಾ. ಇವರು ಸತ್ತಿಲ್ಲ. ಕುತ್ತಿಗೆಗೆ ಬೆರಳಿಟ್ಟು ನೋಡಿ."

ಅದು ನನ್ನ ಧ್ವನಿ ಅಂತ ನನಗೇ ನಂಬಿಕೆ ಬರಲಿಲ್ಲ. ಅವರು ಬೆರಳಿಟ್ಟರು. ಬಿಸಿ ತಾಗಿದವರ ಹಾಗೆ ಎಳೆದುಕೊಂಡರು. ಮತ್ತೆ ಇಟ್ಟರು. ಆ ಕಲ್ಲಿನಂಥ ಮುಖದ ಕೆಳಗೆ ನಾಡಿ ತನ್ನ ಪಾಡಿಗೆ ಹೊಡೆದುಕೊಳ್ಳುತ್ತಿತ್ತು. ಬಾಟಲಿಗೆ ಮುಚ್ಚಳ ಹಾಕಿದರು, ಆದರೆ ಚೀಲಕ್ಕೆ ಹಾಕಲಿಲ್ಲ.

ಡಾಕ್ಟರು ಟ್ಯೂಬ್ ಹಾಕಿದರು. ವೆಂಟಿಲೇಟರ್ ಇದ್ದದ್ದು ಶಿವಮೊಗ್ಗದಲ್ಲಿ. ಆಂಬುಲೆನ್ಸಿನಲ್ಲಿ ಬ್ಯಾಗ್ ಒತ್ತುತ್ತ ನಾನು, ಎದುರಿಗೆ ಬಾಟಲಿ ಹಿಡಿದ ಅತ್ತೆ, ನಡುವೆ ಅವಳು. ಕಿಟಕಿಯ ಹೊರಗೆ ಬರೀ ಬಿಳಿ. ಗಾಡಿ ಹೊರಟದ್ದೇ ನಾನು ಮಾತು ಶುರು ಮಾಡಿದೆ. ಧೈರ್ಯಕ್ಕಲ್ಲ, ಆ ಕಣ್ಣಿನ ಎದುರು ಸುಮ್ಮನೆ ಕೂರಲು ಆಗದೆ. ಈಗ ತಿರುವು ಬಂತು, ಈಗ ಸೇತುವೆ ಬಂತು ಅಂತ ಹೇಳಿದೆ. ಅದು ಮುಗಿದ ಮೇಲೆ ನಮ್ಮ ಮನೆಯ ಹಸು ದಿನಾ ಬೆಳಿಗ್ಗೆ ಪಕ್ಕದ ಮನೆಯ ಹಿತ್ತಿಲಿಗೆ ಹೋಗಿ ದೋಸೆ ತಿಂದು ಬರುವ ಕತೆ ಹೇಳಿದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, ಯಾರ ಹತ್ತಿರ ಮಾತಾಡ್ತಿದ್ದೀರಿ ಮಾರಾಯ್ರೇ, ಹೆದರಿಕೆಯಾಗ್ತದೆ ಅಂದ. ನನಗೇನು ಕಡಿಮೆ ಹೆದರಿಕೆಯೇ?

ನರಸಿಂಹರಾಜಪುರ ದಾಟಿ ಕಾಡು ಶುರುವಾಯಿತು, ಅದನ್ನೂ ಹೇಳಿದೆ. ಬೆರಳು ಮರಗಟ್ಟಿದವು. ಗಂಟಲು ಒಣಗಿ ಮಾತು ನಿಂತಿತು. ಬ್ಯಾಗಿನ ಪುಸ್ ಪುಸ್ ಸದ್ದು ಬಿಟ್ಟರೆ ಗಾಡಿಯಲ್ಲಿ ಏನೂ ಇರಲಿಲ್ಲ. ಅವಳ ಕಣ್ಣು ನನ್ನನ್ನು ಬಿಟ್ಟು ನನ್ನ ಹಿಂದೆ ನಿಂತ ಯಾರನ್ನೋ ನೋಡುತ್ತಿರುವ ಹಾಗೆ ಕಂಡಿತು. ತಿರುಗಿ ನೋಡುವ ಧೈರ್ಯ ಆಗಲಿಲ್ಲ.

ಅತ್ತೆ ಎದ್ದರು. ಬಾಟಲಿಯ ಮುಚ್ಚಳ ತೆಗೆದರು. "ಕುಡಿ," ಅಂದು ನನ್ನ ಬಾಯಿಗೇ ನೀರು ಬಿಟ್ಟರು. ತುಳಸಿ ಎಲೆ ನಾಲಿಗೆಗೆ ಅಂಟಿತು. ನುಂಗಿದೆ.

"ಮಾತು ನಿಲ್ಸಡ," ಅಂದರು.

ಶಿವಮೊಗ್ಗ ಮುಟ್ಟುವವರೆಗೆ ನಾನು ನಿಲ್ಲಿಸಲಿಲ್ಲ. ಆ ದಿನದ ನಂತರ ಎಮರ್ಜೆನ್ಸಿ ಬಂದರೆ ಕೈ ತಣ್ಣಗಾಗುವುದೂ ನಿಂತಿತು. ಈಗ ಪ್ರಜ್ಞೆ ಇಲ್ಲದವರ ಹತ್ತಿರ ಹೋದರೂ ಮೊದಲು ಮಾತಾಡಿಸುತ್ತೇನೆ. ಹೊಸ ಹುಡುಗಿಯರು ನಗುತ್ತಾರೆ, ನಗಲಿ.

ಕೆಲವು ವಾರಗಳಾದ ಮೇಲೆ ಅತ್ತೆ ಸೊಸೆ ಇಬ್ಬರೂ ಆಸ್ಪತ್ರೆಗೆ ಬಂದರು. ಸೊಸೆಯ ಧ್ವನಿ ಇನ್ನೂ ಸ್ವಲ್ಪ ಒಡೆದಿತ್ತು. ಹಸು ದೋಸೆ ತಿನ್ನುವುದು ಬಿಟ್ಟಿತೇ ಅಂತ ಕೇಳಿದಳು.

"ಕಾಡಲ್ಲಿ ನೀವು ಸುಮ್ಮನಾದ್ರಿ," ಅಂದಳು. "ಮುಚ್ಚಳ ತೆಗೆದದ್ದು ಕೇಳ್ತು. ಅತ್ತೆ ಕುಡಿ ಅಂದ್ರು. ನಂಗೇ ಬಿಡ್ತಿದ್ದಾರೆ ಅಂದ್ಕಂಡೆ. ಬದುಕಿದ್ದೇನೆ, ಬದುಕಿದ್ದೇನೆ ಅಂತ ಕೂಗ್ತಾನೇ ಇದ್ದೆ, ಯಾರೂ ತಿರುಗಿ ನೋಡ್ಲಿಲ್ಲ."

ಅತ್ತೆ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಆಮೇಲೆ ನೀವು ನುಂಗಿದ ಸದ್ದು ಕೇಳ್ತು," ಅಂದಳು.