ತವರಿಗೆ ಬಂದ ಎರೆಹುಳುಗಳು

ಖಾಲಿ ಬಕೆಟ್ ಹಿಡಿದು ಶರಣಮ್ಮನ ಹೊಲದಲ್ಲಿ ನಿಂತಿದ್ದೆ. ನಮ್ಮ ಎರೆಹುಳುಗಳನ್ನು ವಾಪಸ್ ಕೊಡಲು ಆಕೆ ಒಪ್ಪುತ್ತಿರಲಿಲ್ಲ.

"ಪಂಚಮಿಗಿ ತವರಿಗಿ ಬಂದಾವ್ರಿ ಅಣ್ಣಾ. ಉಣಸದೆ ಹ್ಯಾಂಗ ಕಳಸಲಿ?"

ಹೋದ ವರ್ಷ ಕಾಳಗಿ ಕಡೆಯ ನಮ್ಮೂರಲ್ಲಿ ಎರೆಗೊಬ್ಬರದ ತೊಟ್ಟಿಗೆ ಸಬ್ಸಿಡಿ ಬಂದಿತ್ತು. ತೊಟ್ಟಿ ಎಲ್ಲರೂ ಕಟ್ಟಿಸಿದ್ದೆವು, ಹುಳು ಮಾತ್ರ ಊರಿಗೆಲ್ಲ ಒಂದೇ ಬಕೆಟ್. ತಪಾಸಣೆಯ ಸಾಹೇಬರು ಒಂದು ಹೊಲದಲ್ಲಿ ಫೋಟೊ ತೆಗೆದು ಚಹಾ ಕುಡಿಯುವಷ್ಟರಲ್ಲಿ ಹುಳು ಮುಂದಿನ ಹೊಲ ಸೇರಿರುತ್ತಿತ್ತು. ಕೊನೆಯ ತೊಟ್ಟಿ ಶರಣಮ್ಮನದು; ತಪಾಸಣೆ ಮುಗಿದ ಮೇಲೆ ಹುಳು ಅಲ್ಲೇ ಉಳಿಯಿತು.

ಆಕೆಯ ತೊಗರಿಗೆ ಆ ವರ್ಷ ಅಂಗಡಿ ಗೊಬ್ಬರ ಬೇಕಾಗಲಿಲ್ಲ. ಮಿಕ್ಕ ಎರೆಗೊಬ್ಬರ ಮಾರಿದಳು. ಈ ವರ್ಷ ಮತ್ತೆ ತಪಾಸಣೆ ಎಂದಾಗ ಅದೇ ಬಕೆಟ್ ಹಿಡಿದು ಹೋದೆ.

"ಇವು ನಮ್ಮ ಮನ್ಯಾಗ ಹುಟ್ಟಿದ ಹೆಣ್ಮಕ್ಕಳ್ರಿ," ಎಂದಳು. "ಹೆಣ್ಣಿನ ತೆರದ ರೊಕ್ಕ ಕೊಟ್ಟು ಕರಕೊಂಡು ಹೋಗ್ರಿ."

ಕೊಟ್ಟೆ. ನನಗೆ ಬಂದ ಸಬ್ಸಿಡಿ ಈಗ ಶರಣಮ್ಮನ ಸೆರಗಿನ ಗಂಟಿನಲ್ಲಿದೆ. ಬೀಗರಾದೆವೆಂದು ಚಹಾ ಮಾತ್ರ ಬಿಟ್ಟಿ ಕೊಟ್ಟಳು.