ಆಡಿಗೆ ಬೆನ್ನು ಹಾಕಿ ನಿಂತದ್ದು

ತೋಡಾರಿನ ಮಟನ್ ಅಂಗಡಿಯ ಮುಂದೆ ಆದಿತ್ಯವಾರ ಬೆಳಿಗ್ಗೆ ನಿಲ್ಲುವ ಸಾಲಿನಲ್ಲಿ ಹುಟ್ಟಾ ಸಸ್ಯಾಹಾರಿ ಎಂದರೆ ನಾನೊಬ್ಬಳೇ ಇದ್ದಿರಬೇಕು. ಅಂಗಡಿಯ ಬ್ಯಾರಿ (ನಮ್ಮ ಕಡೆ ಮುಸ್ಲಿಮರನ್ನು ಹಾಗೆ ಕರೆಯುವುದು) ಮೊದಲ ದಿನ ಬಹಳ ಮರ್ಯಾದೆಯಿಂದ, "ಅಕ್ಕನಿಗೆ ಎಷ್ಟು ಕಿಲೋ?" ಎಂದು ಕೇಳಿದರು. ಮಾಂಸ ಬೇಡ, ರಕ್ತ ಸಾಕು ಎಂದೆ. ಅವರು ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟರು.

"ಮಾಟಕ್ಕಾದ್ರೆ ನಾನು ಕೊಡುವುದಿಲ್ಲ ಅಕ್ಕ."

"ಮಾಟಕ್ಕಲ್ಲ. ಕಾಲೇಜಿಗೆ."

"ಕಾಲೇಜಿಗಾದ್ರೆ ಅಡ್ಡಿಯಿಲ್ಲ," ಎಂದರು. ಮೂಡುಬಿದಿರೆಯ ಸುತ್ತಮುತ್ತ ಕಾಲೇಜಿಗೆ ಎಂದುಬಿಟ್ಟರೆ ಜನ ಮತ್ತೇನೂ ಕೇಳುವುದಿಲ್ಲ.

ನಾನು ಅಲ್ಲಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಗಂಟಲು ನೋವು ತರುವ ಒಂದು ಜಾತಿಯ ಬ್ಯಾಕ್ಟೀರಿಯಾ ಇದೆ, ಅದು ಒಂದು ವಿಷವನ್ನು ತಯಾರಿಸುತ್ತದೆ. ಆ ವಿಷವನ್ನು ಬೇರ್ಪಡಿಸಿ, ಶುದ್ಧ ಮಾಡಿ, ಪುಡಿಯಾಗಿಸಿ ಸಣ್ಣ ಶೀಶೆಯಲ್ಲಿ ನಮಗೆ ಕಳುಹಿಸುತ್ತಾರೆ. ಬೆಳಕಿಗೆ ಹಿಡಿದರೂ ಒಳಗೆ ಏನಿದೆ ಎಂದು ಕಾಣುವುದಿಲ್ಲ. ಹೊಸ ವಿದ್ಯಾರ್ಥಿಗಳು ಖಾಲಿ ಶೀಶೆ ಬಂದಿದೆ ಎಂದು ದೂರು ಹೇಳುತ್ತಾರೆ. ಜೀವಕೋಶದ ಪೊರೆಗೆ ತೂತು ಕೊರೆಯುವುದು ಅದರ ಕೆಲಸ. ಹೆಚ್ಚಾದರೆ ಕೋಶ ಸಾಯುತ್ತದೆ. ಹದವಾಗಿ ಹಾಕಿದರೆ ಆ ತೂತಿನಿಂದ ನಮಗೆ ಬೇಕಾದ್ದನ್ನು ಒಳಗೆ ಕಳುಹಿಸಿ, ಅಲ್ಲಿ ಏನು ನಡೆಯುತ್ತದೆ ಎಂದು ನೋಡಬಹುದು. ಆಮೇಲೆ ಕೋಶ ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಆದರೆ ಒಂದೊಂದು ಶೀಶೆಯ ಖಾರ ಒಂದೊಂದು ಥರ. ಅದನ್ನು ತಿಳಿಯಬೇಕಾದರೆ ಮೊದಲು ರಕ್ತಕ್ಕೆ ಹಾಕಿ ನೋಡಬೇಕು. ಕೆಂಪಗೆ ಕದಡಿದ್ದ ನೀರು, ರಕ್ತದ ಕಣಗಳು ಒಡೆದಾಗ, ಪುನರ್ಪುಳಿಯ, ಅಂದರೆ ಕೋಕಂ ಹಣ್ಣಿನ, ಕೆಂಪು ಸಾರಿನ ಹಾಗೆ ತಿಳಿಯಾಗುತ್ತದೆ. ಈ ಹೋಲಿಕೆಯನ್ನು ನಾನು ಮನೆಯಲ್ಲಿ ಹೇಳಿಲ್ಲ. ಹೊರಗಿನಿಂದ ತರಿಸಿದ ರಕ್ತ ನಮ್ಮ ಸೆಕೆಗೆ ದಾರಿಯಲ್ಲೇ ಕೆಡುತ್ತಿತ್ತು, ಹಾಗಾಗಿ ಮಟನ್ ಅಂಗಡಿಯೇ ಗತಿಯಾಯಿತು.

ರಕ್ತವನ್ನು ಬಿಸಿಯಿರುವಾಗಲೇ ಹಿಡಿಯಬೇಕು, ಇಲ್ಲವಾದರೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟದ ಹಾಗೆ ಔಷಧಿ ಹಾಕಿದ ಬಾಟಲಿಯನ್ನು ಬ್ಯಾರಿಯ ಕೈಗೆ ಕೊಟ್ಟು ನಾನು ಅಂಗಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಆಡು ಕೊಯ್ಯುವುದನ್ನು ನೋಡುವಷ್ಟು ಎದೆಗಾರಿಕೆ ನನಗಿಲ್ಲ. ಕೆಲಸ ಮುಗಿಯುವವರೆಗೆ ಮಂಗಳೂರು ರಸ್ತೆಯ ಬಸ್ಸುಗಳ ಬೋರ್ಡು ಓದುತ್ತಿದ್ದೆ. ಬಸ್ಸಿನೊಳಗೆ ಇರುವವರಿಗೂ ಕಣ್ಣಿದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಅಂಥ ಒಂದು ಬಸ್ಸಿನಲ್ಲಿ ನನ್ನ ಗಂಡನ ಚಿಕ್ಕಮ್ಮ ಇದ್ದರು. ಅವರ ಮನೆ ಕಲ್ಲಡ್ಕದಲ್ಲಿ. ಸಿಕ್ಕಿದ್ದು ಕಿಟಕಿಯ ಸೀಟು. ಅವರು ನನಗೇ ಫೋನು ಮಾಡಿ ಕೇಳಬಹುದಿತ್ತು. ಮಾಡಿದ್ದು ನನ್ನ ಅತ್ತೆಗೆ.

ಅತ್ತೆ ನಮ್ಮೊಟ್ಟಿಗೇ ಇರುತ್ತಾರೆ. ತವರು ಬೆಳ್ತಂಗಡಿ ಕಡೆ. ಸಣ್ಣವರಿರುವಾಗ ಗಂಟಲು ನೋವು ಬಂದು, ಅದರ ಬೆನ್ನಿಗೆ ಗಂಟುಗಂಟೆಲ್ಲ ನೋಯುವ ಜ್ವರ ಬಂದು, ಹೃದಯದ ಒಂದು ಕವಾಟ ಹಾಳಾಗಿ ಸರಿಯಾಗಿ ಮುಚ್ಚುವುದಿಲ್ಲ. ಅಂಗಳಕ್ಕೆ ಹೋಗಿ ಬಂದರೆ ಏದುಸಿರು. ಮಡಿಗೆ ಮಾತ್ರ ಏದುಸಿರಿಲ್ಲ. ಹೊರಗಿನದ್ದು ಏನನ್ನೂ ಮುಟ್ಟುವುದಿಲ್ಲ. ನಾನು ಈ ಮನೆಗೆ ಬಂದಂದಿನಿಂದ ನನ್ನ ಕೈಯಡಿಗೆಯೇ ಆಗಬೇಕು.

ಫೋನು ಬಂದ ದಿನ ಅವರು ಹಸಿವಿಲ್ಲ ಎಂದರು. ಮರುದಿನ, "ನನ್ನದು ನಾನೇ ಮಾಡಿಕೊಳ್ತೇನೆ," ಎಂದರು. ನಮ್ಮ ಮನೆ ಮಾತು ತುಳು. ಕನ್ನಡದಲ್ಲಿ ಬರೆದಾಗ ಸ್ವಲ್ಪ ನಯವಾಗಿ ಕೇಳುತ್ತದೆ, ಅಷ್ಟು ನಯವಾಗಿ ಅವರು ಹೇಳಿರಲಿಲ್ಲ.

ಅವರು ಒಂದು ಕೈಯಲ್ಲಿ ಒಲೆಯ ಕಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗಂಜಿ ತಿರುವಿ, ನಡುನಡುವೆ ನಿಂತು ಉಸಿರೆಳೆದುಕೊಳ್ಳುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಬೇಕಾಯಿತು. ದಣಿಯಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ನಾನಿಲ್ಲದ ಹೊತ್ತಿನಲ್ಲಿ ಒಲೆಯ ಮುಂದೆಯೇ ಬಿದ್ದುಬಿಟ್ಟರೆ ಎಂದು ಕಾಲೇಜಿನಲ್ಲಿ ಕೂತರೂ ಅದೇ ಯೋಚನೆ. ಗಂಡನಲ್ಲಿ ಹೇಳಿದೆ. "ಅಮ್ಮನತ್ರ ನೀನೇ ಮಾತಾಡು ಮಾರಾಯ್ತಿ," ಎಂದು ಅವರು ಎರಡೂ ಅಡಿಗೆ ಊಟ ಮಾಡಿದರು.

ಅತ್ತೆ ಎಲೆಯಡಿಕೆ ಹಾಕುವ ಹೊತ್ತು ನೋಡಿ ಹತ್ತಿರ ಕೂತೆ.

"ಅತ್ತೆ, ನನ್ನ ಅಡಿಗೆ ಎಂತಕ್ಕೆ ಬೇಡ?"

"ನೀನು ಮಾಂಸ ತಿನ್ಲಿಕ್ಕೆ ಶುರು ಮಾಡಿದ್ದೀಯಂತೆ."

"ತಿನ್ನುವುದಿಲ್ಲ. ರಕ್ತ ಮಾತ್ರ ತರ್ತೇನೆ."

ಅವರು ವೀಳ್ಯದೆಲೆಯ ನಾರು ತೆಗೆದರು. "ಇದಕ್ಕಿಂತ ತಿಂದಿದ್ರೇ ಒಳ್ಳೆದಿತ್ತು," ಎಂದರು.

ಶೀಶೆ, ವಿಷ, ತೂತು ಎಲ್ಲ ಹೇಳಿದೆ. ಕೊನೆಗೆ, "ನಿಮ್ಮ ಗಂಟಲಿಗೆ ಬಂದದ್ದೂ ಇದೇ ಜಾತಿಯ ಕ್ರಿಮಿ ಅತ್ತೆ. ಹೃದಯ ಕೆಡಿಸಿದ್ದು ಈ ವಿಷವೇ ಅಂತ ಹೇಳ್ಲಿಕ್ಕಾಗುವುದಿಲ್ಲ. ಆದ್ರೆ ಡಾಕ್ಟ್ರು ಈ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸುವುದು, ಮೈ ಈ ವಿಷದೊಟ್ಟಿಗೆ ಜಗಳಾಡಿದೆಯಾ ಅಂತ ನೋಡ್ಲಿಕ್ಕೆ," ಎಂದೆ.

"ನನ್ನ ಮೈ ಜಗಳಾಡಿತ್ತಾ?"

"ಆಡಿರ್ತದೆ."

ಅವರಿಗೆ ಅದು ಸ್ವಲ್ಪ ಹಿಡಿಸಿದ ಹಾಗೆ ಕಂಡಿತು. "ಆ ತೂತು ಮುಚ್ಚುವುದು ಎಂತದರಿಂದ?"

"ಕ್ಯಾಲ್ಸಿಯಂ ಇದ್ರೆ ಮುಚ್ಚಿಕೊಳ್ತದೆ. ನಿಮ್ಮ ಸುಣ್ಣದಲ್ಲಿಯೂ ಉಂಟಲ್ಲ, ಅದೇ."

ಅತ್ತೆ ಸುಣ್ಣದ ಡಬ್ಬಿಯನ್ನು ಒಮ್ಮೆ ನೋಡಿದರು. "ಮದುವೆಯಾದಾಗಿಂದ ತಿನ್ತಾ ಇದ್ದೇನೆ. ನನ್ನದು ಮುಚ್ಚಲಿಲ್ಲ."

ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, "ಕೊಯ್ಯುವಾಗ ನೀನು ಎಲ್ಲಿ ನಿಲ್ತೀ?"

"ಅಲ್ಲಿಯೇ. ನೋಡ್ಲಿಕ್ಕಾಗುವುದಿಲ್ಲ ಅಂತ ರಸ್ತೆ ಕಡೆ ತಿರುಗಿ ನಿಲ್ತೇನೆ."

"ಅದಕ್ಕೇ ಅವಳಿಗೆ ಕಂಡದ್ದು. ಮುಂದಿನ ಸಲ ರಸ್ತೆಗೆ ಬೆನ್ನು ಹಾಕು."

"ಆಗ ಆಡು ಕಾಣ್ತದೆ."

"ಕಾಣ್ಲಿ. ನನ್ನಂಥವರಿಗೆ ಒಳ್ಳೆದಾಗ್ಲಿ ಅಂತ ತಾನೆ ಅದರ ರಕ್ತ ತರುವುದು? ಮುಖ ನೋಡಿ ತಾ."

ಅಂದೂ ಅವರು ಗಂಜಿಯನ್ನು ತಾವೇ ಬೇಯಿಸಿಕೊಂಡರು. ನಾನು ಪಾತ್ರೆ ಎತ್ತಿ ಕೊಡಲು ಹೋದರೆ ಬೇಡ ಎಂದರು.

ಆದಿತ್ಯವಾರ ಬಂತು. "ಅಕ್ಕ ಇವತ್ತು ಈಚೆ ತಿರುಗಿದ್ದೀರಿ," ಎಂದರು ಬ್ಯಾರಿ. ಹೌದು ಎಂದೆ. ಆಡು ಕಂದು ಬಣ್ಣದ್ದು, ಒಂದು ಕಿವಿಯ ತುದಿ ಬಿಳಿ. ಹಲಸಿನ ಸೊಪ್ಪು ತಿನ್ನುತ್ತಾ ಇತ್ತು, ನಡುವೆ ನಿಲ್ಲಿಸಿ ನನ್ನನ್ನು ನೋಡಿತು. ಬ್ಯಾರಿ ದೇವರ ಹೆಸರು ಹೇಳಿದರು. ನಾನು ಕಣ್ಣು ಮುಚ್ಚಲಿಲ್ಲ. ನನ್ನ ಹಿಂದೆ ಬಸ್ಸುಗಳು ಹೋಗುವ ಸದ್ದು ಕೇಳುತ್ತಿತ್ತು. ಬಾಟಲಿ ಕೈಗೆ ಬಂದಾಗ ಬಿಸಿಯಿತ್ತು, ಕಾಲೇಜು ಮುಟ್ಟುವವರೆಗೆ ನಾನು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಇದ್ದೆ. ಮೊದಲೆಲ್ಲ ಚೀಲದಲ್ಲಿ ಹಾಕುತ್ತಿದ್ದೆ.

ಪ್ರಯೋಗ ಮುಗಿಸಿ ಮನೆಗೆ ಬಂದು ತಲೆಗೆ ಸ್ನಾನ ಮಾಡಿ ಅನ್ನ, ಪಲ್ಯ, ಪುನರ್ಪುಳಿ ಸಾರು ಮಾಡಿದೆ. ಅತ್ತೆ ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದರು. ಒಲೆಯ ಹತ್ತಿರ ಹೋಗಲಿಲ್ಲ. ಮಣೆಯ ಮೇಲೆ ಕೂತು ಉಸಿರು ಸರಿಯಾಗುವವರೆಗೆ ಕಾದರು.

"ನೋಡಿದೆಯಾ?"

"ನೋಡಿದೆ."

ಅವರು ನನ್ನ ಮುಖ ನೋಡಿ, ಬಟ್ಟಲನ್ನು ನನ್ನ ಕಡೆಗೆ ಸರಿಸಿದರು.

"ಬಡಿಸು."