ಹಿಂದಿನವರನ್ನು ಕಾಯುವ ಕೆಲಸ

ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕಾಗಿ ಶನಿವಾರ ಇಡೀ ದಿನ ಚಿಂತೆ ಮಾಡುವುದು ಆರೋಗ್ಯಕ್ಕೆ ಏನು ಮಾಡುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನಾನು ಎರಡನ್ನೂ ತಪ್ಪದೆ ಮಾಡುತ್ತೇನೆ. ನನ್ನ ಹೊಟ್ಟೆಪಾಡು ವಿಮೆಯದು. ಬೇರೆಯವರಿಗೆ ಏನೇನು ಕೆಟ್ಟದ್ದು ಆಗಬಹುದು ಎಂದು ಮೊದಲೇ ಊಹಿಸುವುದಕ್ಕೆ ವಾರವಿಡೀ ಸಂಬಳ ಕೊಡುತ್ತಾರೆ. ಭಾನುವಾರ ಅದನ್ನೇ ಪುಕ್ಕಟೆ ಮಾಡುತ್ತೇನೆ.

ಈ ಭಾನುವಾರದ ಸವಾರಿಗಳನ್ನು ಸಂಘಟಿಸುವವನು ನಾನೇ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ರಕ್ತದೊತ್ತಡ ಏರಿತೆಂದು ಒಂದು ತೆಳು ಗಾಲಿಯ ಸೈಕಲ್ ಕೊಂಡೆ. ಕೋಟನೂರಿನ ನಮ್ಮ ಮನೆಯಿಂದ ಹೊರಟು ಹೆದ್ದಾರಿ ಹಿಡಿದು ಒಬ್ಬನೇ ಹೋಗಲು ಹೆದರಿಕೆ. ಪರಿಚಯದ ನಾಲ್ಕು ಜನರಿಗೆ ಫೋನಿನಲ್ಲಿ ಸಂದೇಶ ಕಳಿಸಿದೆ, ಅವರು ಇನ್ನಷ್ಟು ಜನರಿಗೆ ಕಳಿಸಿದರು. ನನ್ನ ಹೆದರಿಕೆಯನ್ನು ಊರಿನವರು ಸಂಘಟನಾ ಶಕ್ತಿ ಎಂದು ತಿಳಿದುಕೊಂಡರು.

ನಮ್ಮದು ಕ್ಲಬ್ಬಲ್ಲ. ಅಂಗಿಯ ಮೇಲೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಬೆಳಕು ಹರಿಯುವ ಹೊತ್ತಿಗೆ, ಅಂಗಡಿಗಳಿನ್ನೂ ಬಾಗಿಲು ತೆರೆಯದ ಜಗತ್ ಸರ್ಕಲ್ಲಿನಲ್ಲಿ ಸೇರುವುದು, ಹುಮನಾಬಾದ್ ರಸ್ತೆ ಹಿಡಿಯುವುದು, ಮಹಾಗಾಂವ ಕ್ರಾಸಿನಲ್ಲಿ ಚಹಾ. ಕಾಲು ಒಪ್ಪಿದರೆ ಮುಂದೆ ಕಮಲಾಪುರ, ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್. ನಿಯಮ ಒಂದೇ: ಹಿಂದೆ ಬಿದ್ದವರಿಗಾಗಿ ಎಲ್ಲರೂ ನಿಲ್ಲಬೇಕು. ಮೊದಲ ಸಂದೇಶದಲ್ಲಿ ಅದನ್ನು ‘ನಾವು ಯಾರನ್ನೂ ಬಿಡುವುದಿಲ್ಲ’ ಎಂದು ಬರೆದಿದ್ದೆ. ನನ್ನ ಹೆಂಡತಿ ಅದನ್ನು ಓದಿ, ಇದು ದರೋಡೆಕೋರರ ನೋಟೀಸಿನಂತಿದೆ ಎಂದಳು. ಎರಡು ಸಲ ತಿದ್ದಿದೆ. ತಿದ್ದಿದ ಮೇಲೆ ಇನ್ನೂ ಕ್ರೂರವಾಗಿ ಕಂಡಿತು, ಹಾಗೇ ಬಿಟ್ಟೆ.

ಆ ನಿಯಮದಿಂದ ಹೆಚ್ಚು ಉಪಯೋಗ ಪಡೆದವರು ಒಬ್ಬ ಬಟ್ಟೆ ವ್ಯಾಪಾರಿ. ಜಗತ್ ಹತ್ತಿರವೇ ಅಂಗಡಿ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಎಲ್ಲರೂ ಭಾಯ್ ಎನ್ನುತ್ತಿದ್ದೆವು. ಬಿಳಿ ಪೈಜಾಮಾದ ಬಲಗಾಲನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬಿಗಿದು, ಜೇಬಿನಲ್ಲಿ ಖರ್ಜೂರ ಇಟ್ಟುಕೊಂಡು ಬರುತ್ತಿದ್ದರು. ಸಕ್ಕರೆ ಕಾಯಿಲೆ. ಇದೇ ಕಾಯಿಲೆಯಲ್ಲಿ ಅವರ ಅಣ್ಣ ಒಂದು ಪಾದ ಕಳೆದುಕೊಂಡಿದ್ದರು. ಅದನ್ನು ಭಾಯ್ ಒಂದೇ ಸಲ ಹೇಳಿದರು, ಆಮೇಲೆ ಎತ್ತಲಿಲ್ಲ.

ಅವರು ಮತ್ತೆ ಮತ್ತೆ ಎತ್ತುತ್ತಿದ್ದ ವಿಷಯ ಕಮಲಾಪುರ. ಅದು ಅವರ ಹೆಂಡತಿಯ ತವರು. ಹೆಂಡತಿಯ ತಮ್ಮ ಅಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದಾನೆ. ಭಾವ ಸೈಕಲ್ ಕೊಂಡಿದ್ದಾರೆಂದು ಕೇಳಿ, ಹಬ್ಬದ ಊಟಕ್ಕೆ ಕೂತ ನೆಂಟರೆಲ್ಲರ ಎದುರು ಅವನು ನಕ್ಕಿದ್ದನಂತೆ. ನಮ್ಮ ದುಲ್ಹೇಭಾಯ್, ಅಂದರೆ ಅಕ್ಕನ ಗಂಡ, ಅಂಗಡಿಯ ಗಾದಿ ಬಿಟ್ಟು ಎದ್ದದ್ದೇ ನಾನು ನೋಡಿಲ್ಲ, ಅವರು ಸೈಕಲ್ ಮೇಲೆ ಕಮಲಾಪುರ ಮುಟ್ಟುವುದು ಈ ಜನ್ಮದಲ್ಲಿ ಆಗದು ಎಂದು. ಎಲ್ಲರೂ ನಕ್ಕರು, ಭಾಯ್ ಕೂಡ. ನನಗೆ ಹೇಳುವಾಗ ನಗಲಿಲ್ಲ.

“ಮನಿ ಅಳಿಯ ಅಂತ ಇಷ್ಟ್ ವರ್ಷ ಕುಂತಲ್ಲೇ ತಂದು ಕೊಟ್ಟಾರ್ರಿ ಸರ. ಒಮ್ಮೆ ನನ್ನ ಕಾಲ ಮ್ಯಾಲ ನಾ ಆ ಮನಿಗಿ ಹೋಗಬೇಕು. ಕಾಲ ಇರೂತನಾ ಹೋಗಬೇಕು.”

ಅಂದಿನಿಂದ ಭಾಯ್ ನನ್ನ ಜವಾಬ್ದಾರಿಯಾದರು. ಅವರು ಕೇಳಿರಲಿಲ್ಲ, ನಾನೇ ವಹಿಸಿಕೊಂಡೆ. ಎಲ್ಲರಿಗಿಂತ ಹಿಂದೆ ಅವರು, ಅವರಿಗಿಂತ ನಾಲ್ಕು ಮಾರು ಮುಂದೆ ನಾನು, ಮತ್ತೆ ಮತ್ತೆ ಕತ್ತು ಹಿಂದಕ್ಕೆ ತಿರುಗಿಸುತ್ತ. ಉಸಿರು ಹೇಗಿದೆ, ಬೆವರು ಹೇಗಿದೆ, ಖರ್ಜೂರ ತಿಂದರೋ ಇಲ್ಲವೋ. ಹಿಂದೆ ನೋಡುತ್ತ ತುಳಿದು ಒಮ್ಮೆ ನಾನೇ ರಸ್ತೆ ಬದಿಯ ತೊಗರಿ ಹೊಲಕ್ಕೆ ಇಳಿದಿದ್ದೆ. ನನ್ನನ್ನು ಎತ್ತಿ ನಿಲ್ಲಿಸಿದವರು ಭಾಯ್. ತಿಂಗಳುಗಟ್ಟಲೆ ಬಂದರೂ ಅವರು ಮಹಾಗಾಂವ ದಾಟಲಿಲ್ಲ. ಕ್ರಾಸು ಬರುವಷ್ಟರಲ್ಲಿ ಬಿಸಿಲೇರುತ್ತಿತ್ತು, ಇವತ್ತು ಸಾಕು ಎಂದು ನಾನೇ ಹೇಳುತ್ತಿದ್ದೆ.

ನಮ್ಮಲ್ಲಿ ಎಲ್ಲರಿಗಿಂತ ವೇಗವಾಗಿ ತುಳಿಯುವವಳು ಸೇಡಂ ರಸ್ತೆಯಲ್ಲಿ ಕ್ಲಿನಿಕ್ ಇಟ್ಟಿರುವ ಒಬ್ಬ ಹಲ್ಲಿನ ಡಾಕ್ಟರು, ನನ್ನ ಮಗಳಿಗಿಂತ ತುಸು ದೊಡ್ಡವಳು. ನನ್ನನ್ನು ಕಾಕಾ ಎನ್ನುತ್ತಾಳೆ, ಆದರೆ ಆ ಪದಕ್ಕೆ ಸಲ್ಲಬೇಕಾದ ಮರ್ಯಾದೆ ಕೊಡುವುದಿಲ್ಲ. ಚಳಿಗಾಲದ ಒಂದು ಭಾನುವಾರ ಅವಳು ತೀರ ಮುಂದೆ ಹೋಗಿಬಿಟ್ಟಳು. ನಿಧಾನಿಸು ಎಂದು ಹೇಳಲು ನಾನು ಮುಂದೆ ಹೋಗಬೇಕಾಯಿತು. ಹೊರಡುವ ಮೊದಲು ತಿರುಗಿ ನೋಡಿದೆ. ಭಾಯ್ ರಸ್ತೆ ಪಕ್ಕದಲ್ಲಿ ಒಂದು ಕಾಲು ನೆಲಕ್ಕೂರಿ ನಿಂತಿದ್ದರು. ಕೈ ಎತ್ತಿ, “ಬರ್ತೀನ್ರಿ ಸರ” ಎಂದರು.

“ಬರ್ರಿ, ಬರ್ರಿ” ಎಂದು ನಾನು ಮುಂದೆ ಹೋದೆ.

ಮಹಾಗಾಂವ ಕ್ರಾಸಿನಲ್ಲಿ ಚಹಾ ಕುಡಿದೆವು. ಭಾಯ್ ಬರಲಿಲ್ಲ. ಇನ್ನೊಂದು ಸಲ ಕುಡಿದೆವು. ಅವರ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಬರ್ತೀನಿ ಅಂದಿದ್ದಾರೆ, ಬರ್ತಾರೆ ಎಂದು ಎಲ್ಲರಿಗೂ ಸಮಾಧಾನ ಹೇಳಿದೆ. ಆ ಸಮಾಧಾನ ನನ್ನೊಬ್ಬನಿಗೆ ಮಾತ್ರ ತಾಗಲಿಲ್ಲ. ಕೊನೆಗೆ ಬಂದ ದಾರಿಯಲ್ಲೇ ಒಬ್ಬನೇ ಹಿಂದಕ್ಕೆ ಹೊರಟೆ. ಸೇತುವೆ ಕಂಡಲ್ಲೆಲ್ಲ ಇಳಿದು ಕೆಳಗೆ ಬಗ್ಗಿ ನೋಡಿದೆ. ನಿಂತಿದ್ದ ಲಾರಿಗಳ ಕೆಳಗೂ ನೋಡಿದೆ. ಅವರ ಮನೆಯವರಿಗೆ ಯಾವ ಮಾತಿನಿಂದ ಸುದ್ದಿ ಶುರುಮಾಡಬೇಕು ಎಂಬಲ್ಲಿಗೆ ನನ್ನ ಮನಸ್ಸು ಬಂದಿತ್ತು. ವೃತ್ತಿಯಿಂದಾಗಿ ಈ ಭಾಗ ನನಗೆ ಚೆನ್ನಾಗಿ ಬರುತ್ತದೆ. ಜಗತ್ ಮುಟ್ಟಿ ಅವರ ಅಂಗಡಿಯ ಮುಂದೆ ನಿಂತಾಗ ಶಟರ್ ಅರ್ಧ ಮೇಲಿತ್ತು. ಒಳಗೆ ಭಾಯ್ ಸ್ನಾನ ಮಾಡಿ, ತಲೆ ಬಾಚಿ, ಗಾದಿಯ ಮೇಲೆ ಕೂತಿದ್ದರು.

“ಬರ್ತೀನಿ ಅಂದಿದ್ರಲ್ರಿ ಭಾಯ್!”

“ಹೌದ್ರಿ,” ಎಂದರು ಭಾಯ್ ಅಚ್ಚರಿಯಿಂದ. “ಹೇಳೇ ಬಂದೀನಲ್ರಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಮನೆಗೆ ಹೋಗಲು ನನ್ನ ಅಪ್ಪಣೆ ಕೇಳಿದ್ದರು, ನಾನು ‘ಬರ್ರಿ, ಬರ್ರಿ’ ಎಂದು ಕೊಟ್ಟೂಬಿಟ್ಟಿದ್ದೆ.

“ಹಂಗಂದ್ರ ಹೋಗ್ತೀನಿ ಅಂತ ಹೇಳಬೇಕಲ್ರಿ” ಎಂದೆ, ಸಿಟ್ಟು ಬಂದು.

“ಹೋಗ್ತೀನಿ ಅಂತ ಹ್ಯಾಂಗ್ ಅನ್ಲಿರಿ? ಮುಂಜಮುಂಜಾನೆ, ಆ ಲಾರಿಗಳ ನಡುವ ನಿಂತು?”

ಹೋಗುತ್ತೇನೆ ಎಂದು ಹೇಳಿ ನಾನೂ ಯಾವತ್ತೂ ಯಾರ ಮನೆಯಿಂದಲೂ ಎದ್ದವನಲ್ಲ. ನಮ್ಮ ಮನೆಯಲ್ಲಿ ತರಕಾರಿಗೆ ಹೋಗುವವರೂ ಬರ್ತೀನಿ ಅನ್ನುತ್ತಾರೆ. ಭಾಯ್ ಮನೆಯಲ್ಲಿ ಆಡುವ ಮಾತು ಬೇರೆ, ಆದರೆ ಅಲ್ಲಿಯೂ ಹೊರಡುವವರು ‘ಜಾಕೆ ಆತೂಂ’, ಅಂದರೆ ಹೋಗಿ ಬರುತ್ತೇನೆ, ಎಂದೇ ಹೇಳುತ್ತಾರೆ. ಬರುವವನೂ ಹೋಗುವವನೂ ಒಂದೇ ಮಾತು ಹೇಳುವ ಊರಿನಲ್ಲಿ, ಹಿಂದೆ ಬಿದ್ದವರನ್ನು ಕಾಯುವ ನಿಯಮ ಮಾಡಿಕೊಂಡವನು ನಾನು.

ನಗಬಹುದಿತ್ತು. ನಗುತ್ತಲೇ ಮುಂದಿನ ಭಾನುವಾರದ ಮಾತೆತ್ತಿದೆ. ಭಾಯ್ ಮುಂದಿದ್ದ ಬಟ್ಟೆಯ ಸುರುಳಿಯ ಅಂಚನ್ನು ಸರಿಮಾಡುತ್ತ, ತಾವು ಇನ್ನು ಬರುವುದಿಲ್ಲ ಎಂದರು. ಕಾಲು ನೋವೋ, ಯಾರಾದರೂ ಏನಾದರೂ ಅಂದರೋ ಎಂದು ಕೇಳಿದೆ. ಎರಡೂ ಅಲ್ಲವಂತೆ. ಬಹಳ ಒತ್ತಾಯ ಮಾಡಿದ ಮೇಲೆ ಹೇಳಿದರು:

“ತಪ್ಪ್ ತಿಳಕೋಬ್ಯಾಡ್ರಿ ಸರ. ನೀವು ಹೊಳ್ಳಿ ಹೊಳ್ಳಿ ನೋಡ್ತೀರಿ. ನೀವು ನೋಡಿದಾಗೊಮ್ಮೆ ನಂಗ ನಾ ಬೀಳಾಕತ್ತೀನೇನೋ ಅನಸ್ತದ. ಮನ್ಯಾಗೂ ಎಲ್ಲಾರು ನನ್ನ ಕಾಲೇ ನೋಡ್ತಾರ. ಅದನ್ನ ಮರೀಬೇಕಂತ ಸೈಕಲ್ ಹತ್ತೀನಿ, ಅಲ್ಲಿ ನೀವು.”

ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಿದೆ, ಅವಳು ನನ್ನ ಪಕ್ಷ ವಹಿಸುತ್ತಾಳೆ ಎಂಬ ಆಸೆಯಿಂದ. ಅವಳು ಕೊತ್ತಂಬರಿ ಸೋಸುವುದನ್ನು ನಿಲ್ಲಿಸಲಿಲ್ಲ. ಮಗಳಿಗೆ ಸೈಕಲ್ ಕಲಿಸುವಾಗ ನಾನು ಕೊನೆಯವರೆಗೂ ಸೀಟಿನಿಂದ ಕೈ ತೆಗೆಯಲಿಲ್ಲವಂತೆ, ಅದಕ್ಕೇ ಅವಳು ಬೇಸತ್ತು ಸ್ಕೂಟಿ ಕಲಿತಳಂತೆ. ನನ್ನ ನೆನಪಿನಲ್ಲಿ ಮಗಳಿಗೆ ಸ್ಕೂಟಿಯೇ ಇಷ್ಟವಿತ್ತು.

ಭಾಯ್ ಇಲ್ಲದ ಭಾನುವಾರಗಳು ಬಂದವು. ನಮ್ಮ ವೇಗ ಹೆಚ್ಚಿತು, ಮಾತು ಕಡಿಮೆಯಾಯಿತು. ನಾನು ಅಭ್ಯಾಸಬಲದಿಂದ ಕತ್ತು ತಿರುಗಿಸಿದರೆ ಖಾಲಿ ರಸ್ತೆ. ಅವರು ಬರುವುದಿಲ್ಲ ಎನ್ನುವುದಕ್ಕಿಂತ ಹೆಚ್ಚಾಗಿ, ಆ ಗಾದಿಯ ಮೇಲೆ ಅವರನ್ನು ಮತ್ತೆ ಕೂರಿಸಿದವನು ನಾನೇ ಎನ್ನುವುದು ಕೊರೆಯುತ್ತಿತ್ತು. ಕಾಳಜಿ ಎಂದು ನಾನು ಕೊಡುತ್ತಿದ್ದದ್ದರಲ್ಲಿ ಎಷ್ಟು ಪಾಲು ಅವರದು, ಎಷ್ಟು ನನ್ನ ಹೆದರಿಕೆಯದು ಎಂದು ಲೆಕ್ಕ ಹಾಕಲು ಹೋದರೆ ಪ್ರತಿ ಸಲವೂ ನನಗೆ ಇಷ್ಟವಾಗದ ಉತ್ತರ ಬರುತ್ತಿತ್ತು. ಫೋನು ಮಾಡಲು ಧೈರ್ಯವಾಗಲಿಲ್ಲ. ಅದೂ ತಿರುಗಿ ನೋಡಿದಂತೆಯೇ ಅಲ್ಲವೇ?

ದಾರಿ ಹುಡುಕಿದವಳು ಡಾಕ್ಟರು. ಪರದೆ ಬಟ್ಟೆಯ ನೆವ ಮಾಡಿಕೊಂಡು ಅಂಗಡಿಗೆ ಹೋಗಿ, ಮುಂದಿನ ವಾರ ನಮಗಿಂತ ಮೊದಲೇ ಹೊರಡಿ, ನಾವು ಹಿಂದಿನಿಂದ ಬಂದು ಹಿಡಿಯುತ್ತೇವೆ ಎಂದು ಭಾಯ್‌ಗೆ ಹೇಳಿ ಬಂದಿದ್ದಳು. ನನಗೆ ಆಮೇಲೆ ತಿಳಿಸಿದಳು.

“ನೀವು ಹಿಂದೇ ಇರ್ತೀರಿ ಕಾಕಾ. ಎಷ್ಟ್ ಹೊಳ್ಳಿ ನೋಡಿದ್ರೂ ಅವರು ಕಾಣಂಗಿಲ್ಲ.”

ಆ ಭಾನುವಾರ ಭಾಯ್ ನಸುಕಿನ ಫಜರ್ ನಮಾಜು ಮುಗಿಸಿ ಹೊರಟರು. ನಾವು ಜಗತ್ ಬಿಟ್ಟಾಗ ಸೂರ್ಯ ಹುಟ್ಟಿಯಾಗಿತ್ತು. ಹಿಂದೆ ಇರುವವರ ಚಿಂತೆ ನನಗೆ ಗೊತ್ತು, ಅದರ ಎಲ್ಲ ಮಗ್ಗುಲುಗಳೂ ಗೊತ್ತು. ಮುಂದೆ ಇರುವವರ ಚಿಂತೆ ಹೊಸದು. ದೂರದಲ್ಲಿ ಬಿಳಿಯದೇನು ಕಂಡರೂ ಭಾಯ್ ಪೈಜಾಮಾ ಎಂದು ತುಳಿಯುತ್ತಿದ್ದೆ. ಹತ್ತಿರ ಹೋದರೆ ಅದು ಮೈಲಿಗಲ್ಲು, ಇಲ್ಲ ಸಿಮೆಂಟು ಚೀಲ, ಒಮ್ಮೆ ಒಂದು ಕರು. ಮಹಾಗಾಂವ ಕ್ರಾಸಿನಲ್ಲಿ ಬ್ರೇಕು ಹಿಡಿದು, ನಮ್ಮವರು ಇಲ್ಲಿ ಕೂತಿದ್ದಾರಾ ಎಂದು ಚಹಾದವನನ್ನು ಕೇಳಿದೆ. ಕೂರಲಿಲ್ಲ, ನಿಲ್ಲಲೂ ಇಲ್ಲ, ಕೈ ಮಾಡಿ ಹೋದರು ಎಂದ. ಯಾವ ಕಡೆಗೆ ಎಂದು ಕೇಳಿದೆ. ಅವನು ನನ್ನನ್ನು ಒಂದು ಥರ ನೋಡಿ ಕಮಲಾಪುರದ ಕಡೆ ಕೈ ತೋರಿಸಿದ.

ನಾವು ಚಹಾ ಕುಡಿಯಲಿಲ್ಲ. ಆ ದಿನ ನಾನು ತುಳಿದಷ್ಟು ಜೋರಾಗಿ ಹಿಂದೆಂದೂ ತುಳಿದಿರಲಿಲ್ಲ, ಮುಂದೆ ತುಳಿಯುವ ಯೋಚನೆಯೂ ಇಲ್ಲ.

ತೋಟದ ಮನೆ ಊರಿನಾಚೆ. ಉಳಿದವರನ್ನು ಕಮಲಾಪುರದ ಚಹಾದಂಗಡಿಯಲ್ಲಿ ಬಿಟ್ಟು, ದಾರಿ ಕೇಳಿಕೊಂಡು ನಾನೂ ಡಾಕ್ಟರೂ ಅಂಗಳಕ್ಕೆ ಇಳಿದಾಗ ಭಾಯ್ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ಮುಖ ಕೆಂಪಾಗಿತ್ತು, ಕೈಯಲ್ಲಿ ನೀರಿನ ಲೋಟವಿತ್ತು. ಸೈಕಲ್ಲು ಬೇವಿನ ಮರಕ್ಕೆ ಒರಗಿತ್ತು. ಅವರ ಹೆಂಡತಿಯ ತಮ್ಮ, ದೊಡ್ಡ ಮೀಸೆಯ ಎತ್ತರದ ಆಳು, ಅದರ ಸುತ್ತ ತಿರುಗುತ್ತ ಗಾಲಿಗಳನ್ನು ಒತ್ತಿ ನೋಡುತ್ತಿದ್ದ.

“ಖರೇ ಹೇಳ್ರಿ ದುಲ್ಹೇಭಾಯ್, ಟೆಂಪೋ ಎಲ್ಲಿ ಬಿಟ್ಟ್ ಬಂದ್ರಿ?”

ಭಾಯ್ ಇನ್ನೊಂದು ಗುಟುಕು ನೀರು ಕುಡಿದರು. ಬಾಗಿಲಲ್ಲಿ ನಿಂತ ಹೆಂಗಸರು ನಗಲು ಸಿದ್ಧರಾಗಿದ್ದರು. ಅವನು ನನ್ನ ಕಡೆ ತಿರುಗಿದ.

“ನೀವರ ಹೇಳ್ರಿ ಸರ. ಇವರು ತುಳಕೋತ ಬರೋದು ನೀವು ನೋಡೀರೇನು?”

ಬೇರೆ ಯಾವ ಭಾನುವಾರ ಕೇಳಿದ್ದರೂ ಭಾಯ್ ಬಿಟ್ಟ ಒಂದೊಂದು ಉಸಿರಿಗೂ ನಾನು ಸಾಕ್ಷಿ ಹೇಳುತ್ತಿದ್ದೆ. ಸಾಕ್ಷಿ ಬೇಕಾದ ಈ ಒಂದು ದಿನ ನಾನು ಏನನ್ನೂ ನೋಡಿರಲಿಲ್ಲ. ನೋಡಿದ್ದೇನೆ ಎಂದುಬಿಡುವುದು ಸುಲಭವಿತ್ತು. ಬಾಯಿಗೆ ಬಂದೂ ಬಂದಿತ್ತು. ಆದರೆ ಹಾಗೆಂದರೆ ಭಾಯ್ ಮತ್ತೆ ನನ್ನ ಕಾವಲಿನಲ್ಲಿ ಬಂದವರಾಗುತ್ತಾರೆ. ಅವರು ನನ್ನನ್ನೇ ನೋಡುತ್ತಿದ್ದರು, ಆದರೆ ಬೇಡುವ ನೋಟವಲ್ಲ ಅದು.

“ಇಲ್ರಿ, ನಾ ನೋಡಿಲ್ಲ,” ಎಂದೆ. “ಹಿಡೀಬೇಕಂತ ಭಾಳ ಜೋರ್ ತುಳಿದ್ವಿ. ನಮ್ಮ ಕೈಗಿ ಸಿಗಲಿಲ್ಲ.”

“ನಂಗೂ ಸಿಗಲಿಲ್ಲ” ಎಂದಳು ಡಾಕ್ಟರು. ಅವಳಿಗೆ ಏದುಸಿರು. ನಿಜವಾದ ಏದುಸಿರೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ಎಷ್ಟು ಮೊದಲು ಹೊರಟಿದ್ದರು ಎಂದು ಯಾರೂ ಕೇಳಲಿಲ್ಲ, ನಾವು ಹೇಳಲಿಲ್ಲ. ಮೀಸೆಯವನು ಅವಳ ಹೆಲ್ಮೆಟ್ಟು, ಅವಳ ಸೈಕಲ್ಲು, ಬೆವರಿನಲ್ಲಿ ತೊಯ್ದ ನನ್ನ ಅಂಗಿ, ಒಂದೊಂದನ್ನೇ ನೋಡಿದ. ಗಾಲಿಯ ಮೇಲಿದ್ದ ಕೈ ತೆಗೆದ. ಒಳಗೆ ಹೋಗಿ ಒಂದು ದಿಂಬು ತಂದು ಹೊರಸಿನ ಕಾಲುದೆಸೆಗೆ ಇಟ್ಟು, ಕಾಲು ಮೇಲೆ ತೊಗೋರಿ ಎಂದು ಭಾವನಿಗೆ ಮೆಲ್ಲಗೆ ಹೇಳಿದ.

ಭಾಯ್ ಬೂಟು ಬಿಚ್ಚಿದರು, ಸಾಕ್ಸೂ ಬಿಚ್ಚಿದರು. ಒಂದು ಪಾದವನ್ನು ಮಡಿಲಿಗೆ ಎಳೆದುಕೊಂಡು ಬೆರಳುಗಳ ಸಂದನ್ನೆಲ್ಲ ಬಿಡಿಸಿ ನೋಡಿದರು, ಹಿಮ್ಮಡಿ ತಿರುಗಿಸಿ ನೋಡಿದರು, ಆಮೇಲೆ ಇನ್ನೊಂದನ್ನು. ಎಲ್ಲಿಯೂ ಗಾಯವಾಗಿಲ್ಲವಲ್ಲ ಎಂದು ಮೀಸೆಯವನೂ ಬಗ್ಗಿ ನೋಡುತ್ತಿದ್ದ. ನಾನು ಬಾಳೆಯ ತೋಟದ ಕಡೆ ಮುಖ ಮಾಡಿ ನಿಂತೆ.